ಒಡೆದರೆ ಆಟವಿಲ್ಲ

ಮೇಷ್ಟ್ರು ಬಚ್ಚಲ ಮೆಟ್ಟಿಲು ಜಾರಿ ಸತ್ತರು ಎಂದು ಊರಲ್ಲಿ ಅರ್ಧ ಜನ ಹೇಳುತ್ತಾರೆ. ಬೆಂಗಳೂರಿನ ಗಾಳಿ ಪೆಟ್ಟಿಗೆಯಲ್ಲಿ ಮಲಗಿ ಬಂದದ್ದೇ ಅವರಿಗೆ ಮುಳುವಾಯಿತು ಎಂದು ಇನ್ನರ್ಧ ಜನ. ಎರಡೂ ಸುಳ್ಳು. ಮೆಟ್ಟಿಲಿಗೆ ಆ ದಿನ ಸಿಕ್ಕಿದ್ದು ಉಳಿದಿದ್ದಷ್ಟು ಮೇಷ್ಟ್ರು ಮಾತ್ರ. ಮಿಕ್ಕದ್ದನ್ನು ಕಬಡ್ಡಿ ಅಂಕಣ ವರ್ಷಗಳ ಹಿಂದಿನಿಂದಲೂ ಸ್ವಲ್ಪಸ್ವಲ್ಪವಾಗಿ ತಿಂದುಕೊಂಡು ಬಂದಿತ್ತು.

ಅವರ ಎಡಗಿವಿ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಅದು ಕಿವಿಯ ಹಾಗೇ ಇರಲಿಲ್ಲ. ಬಿಸಿಲಿಗೆ ಬಿಟ್ಟು ಮುರುಟಿಹೋದ ಕೊಬ್ಬರಿ ಚೂರಿನ ಹಾಗೆ ಮಡಿಚಿಕೊಂಡು, ಗಂಟುಕಟ್ಟಿ, ತೂತು ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ವಯಸ್ಸಿನಲ್ಲಿ ಎದುರಾಳಿಯ ತೊಡೆಗೆ ತಲೆ ಕೊಟ್ಟು ಕೆಡವುವುದು ಅವರ ಪಟ್ಟಾಗಿತ್ತಂತೆ. ಆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅದಕ್ಕೆ ಮಾತಾಡುವಾಗ ಬಲಗಿವಿಯನ್ನು ನಮ್ಮ ಕಡೆ ಕೊಟ್ಟು, ಮುಖವನ್ನು ಆಚೆ ತಿರುಗಿಸಿಕೊಂಡು ನಿಲ್ಲುತ್ತಿದ್ದರು. ಮೊದಮೊದಲು ನನಗೆ, ಈ ಮನುಷ್ಯನಿಗೆ ಎಷ್ಟು ಜಂಬ ಎಂದು ಸಿಟ್ಟು ಬರುತ್ತಿತ್ತು.

ಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟು ರಿಟೈರ್ ಆದವರು. ರಿಟೈರ್ ಆದಮೇಲೆ ಕಟ್ಟೆಯ ಮೇಲೆ ಕೂರಲಿಲ್ಲ. ಕಿಬ್ಬನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ನಮ್ಮ ತೋಟಕ್ಕೆ ಹೊಂದಿಕೊಂಡ ಹಳೇ ಕಣವನ್ನು ಕೇಳಿ ಪಡೆದು, ಸುಣ್ಣದ ಗೆರೆ ಎಳೆದು, ಸುತ್ತಮುತ್ತಲ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸಲು ನಿಂತರು. ನಮ್ಮ ಮೊಮ್ಮಗಳೂ ಸೇರಿದಳು. ಬೆಳಿಗ್ಗೆ ನಾನು ಕೊಟ್ಟಿಗೆ ಬಾಚುವ ಹೊತ್ತಿಗೆ ಆ ಕಡೆಯಿಂದ ಸೀಟಿ ಕೇಳುತ್ತಿತ್ತು.

ನನಗೂ ಅವರಿಗೂ ಪರಿಚಯ ಬೆಳೆದದ್ದು ಜಗಳದಿಂದ. ಪಕ್ಕದ ತೆಂಗಿನ ನಾರಿನ ಕಾರ್ಖಾನೆಯಿಂದ ನಾನು ನಾರಿನ ಪುಡಿ ತರಿಸಿ ಬೇಲಿಯ ಒಳಗೆ ಗುಡ್ಡೆ ಹಾಕಿಸುತ್ತೇನೆ. ತೆಂಗಿನ ಬುಡಕ್ಕೆ ಹಾಕಿದರೆ ನೀರು ಹಿಡಿದುಕೊಳ್ಳುತ್ತದೆ. ಒಂದು ದಿನ ನೋಡಿದರೆ ಗುಡ್ಡೆ ಕರಗಿದೆ. ಮೇಷ್ಟ್ರು ಮಂಕರಿ ಹೊತ್ತುಕೊಂಡು ಬೇಲಿ ದಾಟುತ್ತಿದ್ದಾರೆ.

"ಏನ್ ಮೇಷ್ಟ್ರೇ, ಹೇಳ್ದೆ ಕೇಳ್ದೆ?"

"ಕೇಳಿದ್ರೆ ಕೊಡ್ತಿದ್ಯೇನಕ್ಕ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ."

ಕಣದ ಮಣ್ಣು ಕಲ್ಲಿನ ಹಾಗೆ. ಅದರ ಮೇಲೆ ಪುಡಿ ಹರಡಿ, ಮಣ್ಣಿನ ಜೊತೆ ಬೆರೆಸಿ, ನೀರು ಚಿಮುಕಿಸಿ ಮೆತ್ತಗೆ ಮಾಡುತ್ತಿದ್ದರು. ಬಿದ್ದವಳಿಗೆ ಪೆಟ್ಟಾಗಬಾರದು ಎಂದು. ಪುಡಿ ಹೋದರೆ ಹೋಗಲಿ ಎನ್ನಬಹುದು. ಅದರ ಮೇಲೆ ಅವರಿಗೆ ವಾರವಾರ ಕಾಯಿ ಬೇರೆ ಬೇಕು. ಸುಲಿದ ತೆಂಗಿನಕಾಯಿ. ಆಟಕ್ಕೆ ಮುಂಚೆ ತಂಡದಲ್ಲಿ ಎಲ್ಲರಿಗಿಂತ ಗಿಡ್ಡ ಇರುವ ಹುಡುಗಿಯನ್ನು ನಿಲ್ಲಿಸಿ, ಅವಳ ತಲೆಯ ಎತ್ತರದಿಂದ ಆ ಕಾಯನ್ನು ಅಂಕಣದ ಮೇಲೆ ಬೀಳಿಸುತ್ತಿದ್ದರು. ಕಾಯಿ ಉರುಳಿ ಹೋದರೆ ಆಟ. ಬಿರುಕು ಬಿಟ್ಟರೆ, "ಒಡೆದರೆ ಆಟವಿಲ್ಲ. ಪುಡಿ ತನ್ನಿ, ಪುಡಿ." ಹುಡುಗಿಯರು ಗೊಣಗಿಕೊಂಡು ನನ್ನ ಗುಡ್ಡೆಗೆ ಬರುತ್ತಿದ್ದರು. ಒಡೆದ ಕಾಯನ್ನು ಬೆಲ್ಲದ ಜೊತೆ ಹಂಚಿಕೊಂಡು ತಿನ್ನುತ್ತಿದ್ದರು. ಕಾಯಿ ಗಟ್ಟಿ ಜಾಗಕ್ಕೇ ಬೀಳಲಿ ಎಂದು ಹುಡುಗಿಯರು ಪಿಸುಗುಡುವುದನ್ನು ನಾನೇ ಕೇಳಿದ್ದೇನೆ.

"ಕಾಯಿ ಏನು ಪುಗಸಟ್ಟೆ ಬತ್ತದಾ ಮೇಷ್ಟ್ರೇ?" ಎಂದರೆ, "ಕಾಯಿ ಒಡೆದ್ರೆ ಚಟ್ನಿ ಆಯ್ತದೆ ಕಣಕ್ಕ, ತಲೆ ಒಡೆದ್ರೆ ಏನ್ ಆಯ್ತದೆ?" ಎನ್ನುತ್ತಿದ್ದರು. ಕಾಯಿ ಕೊಡುತ್ತಿದ್ದೆ.

ತಿಪಟೂರಿನಲ್ಲಿ ದೊಡ್ಡ ಪಂದ್ಯ ನಡೆಯಿತು. ರಾಜ್ಯದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಬಂದು ಕೂತಿದ್ದರು. ಇಲ್ಲಿ ಕಣ್ಣಿಗೆ ಬಿದ್ದವರಿಗೆ ಮುಂದೆ ಆಯ್ಕೆಗೆ ಕರೆ, ಅಲ್ಲಿ ಗೆದ್ದರೆ ಹಾಸ್ಟೆಲ್ಲು, ಕಾಲೇಜು. ನನ್ನ ಮಗ ತೋಟದ ಕೆಲಸ ಬಿಟ್ಟು ಬಂದಿದ್ದ. ನಾನೂ ಹೋಗಿದ್ದೆ.

ಮೇಷ್ಟ್ರು ಚೀಲದಿಂದ ಕಾಯಿ ತೆಗೆದು ಅಂಕಣದ ಮೇಲೆ ಬೀಳಿಸಿದರು. ಟಪ್ ಎಂದು ಒಡೆದು ನೀರು ಚೆಲ್ಲಿತು. ಮೈಕು ಹಿಡಿದಿದ್ದವನು, "ಏನ್ ಸಾರ್, ಈಡುಗಾಯಿ ಹೊಡೀತಿದೀರಾ? ನಿಮ್ ದೇವ್ರು ಗೆಲ್ಲಿಸ್ತಾನೆ ಬುಡಿ," ಎಂದ. ಜನ ನಕ್ಕರು. ಮೇಷ್ಟ್ರು ನೆಲವನ್ನು ಕಾಲಿನಿಂದ ಒತ್ತಿ ನೋಡಿದರು. ಹುಡುಗಿಯರ ಮುಖ ನೋಡಿದರು. ಎಲ್ಲರ ಕಣ್ಣಲ್ಲೂ ನೀರು ಬರುವ ಹಾಗಿತ್ತು. ಅವರು ಒಡೆದ ಕಾಯನ್ನು ಚೀಲಕ್ಕೆ ಹಾಕಿಕೊಂಡು ಕೂತರು.

ಮೊಮ್ಮಗಳು ಚೆನ್ನಾಗಿ ಆಡುತ್ತಿದ್ದಳು. ಆಟ ಮುಗಿಯಲು ಸ್ವಲ್ಪ ಹೊತ್ತಿದ್ದಾಗ ಎದುರಿನವರು ಇಬ್ಬರು ಸೇರಿ ಇವಳನ್ನು ಎಳೆದರು. ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ನನಗೆ ಸದ್ದು ಕೇಳಿತು. ರಕ್ತ ಬರಲಿಲ್ಲ. ಅವಳು ಎದ್ದು, ಧೂಳು ಕೊಡವಿ, ನಕ್ಕುಕೊಂಡು ಹೋಗಿ ಎದುರಿನವರ ಸಾಲಿನಲ್ಲಿ ನಿಂತಳು.

ಮೈಕಿನವನಿಗೆ ಹಬ್ಬ. "ಅಲ್ಲೇ ಉಳ್ಕೋತೀಯೇನವ್ವ? ಸೊಸೆ ಮಾಡ್ಕೊಳ್ಳಿ ಕಣ್ರೀ." ಮೈದಾನಕ್ಕೆ ಮೈದಾನವೇ ನಕ್ಕಿತು. ನನ್ನ ಮಗನೂ ನಕ್ಕ. ನಗದವರು ಮೇಷ್ಟ್ರು ಒಬ್ಬರೇ. ಸೀಟಿಗೂ ಕಾಯದೆ ಒಳಗೆ ನುಗ್ಗಿ ಅವಳ ಕೈ ಹಿಡಿದು ಹೊರಗೆ ಕರೆತಂದರು.

"ಬೆಳಿಗ್ಗೆ ಏನ್ ತಿಂದೆ ಮಗಾ?"

"ಅಜ್ಜಿ ರೊಟ್ಟಿ ಹಾಕಿದ್ರು ಸಾರ್."

ಆ ದಿನ ನಾನು ಮಾಡಿದ್ದು ಉಪ್ಪಿಟ್ಟು.

ಅವರು ಅವಳನ್ನು ಮತ್ತೆ ಒಳಗೆ ಬಿಡಲಿಲ್ಲ. ನಮ್ಮವರು ಸೋತರು. ಮಗ ಮೇಷ್ಟ್ರ ಎದುರಿಗೆ ನಿಂತು ಕೂಗಾಡಿದ. "ರಕ್ತ ಇಲ್ಲ, ಊತ ಇಲ್ಲ. ಒಂದು ಲೋಟ ನೀರು ತಲೆಗೆ ಹುಯ್ದಿದ್ರೆ ಆಡ್ತಿದ್ಲು. ಆರಿಸೋರು ಎದುರಿಗೇ ಕೂತಿದ್ರು."

ಮೇಷ್ಟ್ರು ಬಲಗಿವಿ ನನ್ನ ಕಡೆ ತಿರುಗಿಸಿ, "ಅಕ್ಕ, ಮರದಿಂದ ಕಾಯಿ ಕಲ್ಲಿನ ಮೇಲೆ ಬಿದ್ರೆ ಸಿಪ್ಪೆ ಹರೀತದಾ?" ಎಂದು ಕೇಳಿದರು.

ನಮ್ಮ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೊಬ್ಬರಿಗೆಂದು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹೆಚ್ಚುಕಮ್ಮಿ ವರ್ಷ ಕತ್ತಲಲ್ಲಿ, ಗಾಳಿಯಲ್ಲಿ ಅದರ ಪಾಡಿಗೆ ಅದು ಒಣಗಬೇಕು. ಕಲ್ಲಿಗೆ ಬಿದ್ದ ಕಾಯಿಗೆ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಚಿಪ್ಪು ಕೂದಲೆಳೆಯಷ್ಟು ಬಿರಿದಿರುತ್ತದೆ. ಇಳಿಸಿ ಒಡೆದಾಗ ಕೊಬ್ಬರಿ ಕಪ್ಪು, ಕೌಟು ವಾಸನೆ. ಬಿದ್ದ ಕಾಯನ್ನು ನಾವು ಬೇರೆಯೇ ಇಡುತ್ತೇವೆ. ಕಾಯಿಗೆ ಅಷ್ಟು ಜಾಗ್ರತೆ ಮಾಡುವ ನನ್ನ ಮಗ ಮಗಳ ತಲೆಗೆ ನೀರು ಹುಯ್ಯಲು ಹೊರಟಿದ್ದ.

"ಹರಿಯಲ್ಲ ಮೇಷ್ಟ್ರೇ," ಎಂದೆ. ಬಸ್ಸಿನಲ್ಲಿ ಅವರು ಒಂದೇ ಮಾತು ಆಡಿದರು. "ಕಾಯಿ ಒಡೀತು ಕಣಕ್ಕ. ನೋಡ್ದೆ. ನೋಡಿಯೂ ಆಡ್ಸಿದೆ."

ತುಮಕೂರಿನಲ್ಲಿ ತಲೆಯ ಫೋಟೋ ತೆಗೆಸಿದೆವು. ಎಲ್ಲ ಸರಿಯಿದೆ, ಬಿದ್ದ ರಭಸಕ್ಕೆ ಮೆದುಳು ಅದುರಿದೆ, ಕತ್ತಲೆ ಕೋಣೆಯಲ್ಲಿ ಮಲಗಲಿ, ಮೊಬೈಲು ಬೇಡ, ಓದು ಬೇಡ ಎಂದರು ಡಾಕ್ಟರು. ಅಟ್ಟದ ಕೆಳಗಿನ ಕೋಣೆ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕತ್ತಲು, ತಂಪು. ಅಲ್ಲಿ ಹಾಸಿಗೆ ಹಾಕಿದೆ. ಮೇಲೆ ಕಾಯಿ, ಕೆಳಗೆ ಮಗು. ಒಂದೆರಡು ವಾರದಲ್ಲಿ ಸರಿಹೋಗಬೇಕಾದ್ದು ಹೋಗಲಿಲ್ಲ. ಬೆಳಕು ಕಂಡರೆ ಕಣ್ಣು ಮುಚ್ಚುವಳು. ಪಾತ್ರೆ ಸದ್ದಾದರೆ ಅಳುವಳು. ಹಿಂದೆಂದೂ ಅತ್ತವಳಲ್ಲ.

ಮೇಷ್ಟ್ರು ದಿನಾ ಬರುತ್ತಿದ್ದರು. ಕೊರಳ ಸೀಟಿ ಗುಂಡಿಗೆ ತಗುಲಿ ಸದ್ದಾಗುತ್ತದೆಂದು ಅದನ್ನು ಅಂಗಿಯ ಒಳಗೆ ಹಾಕಿಕೊಂಡು, ಹೊಸ್ತಿಲ ಈಚೆ ಕೂತಿದ್ದು, ಎದ್ದು ಹೋಗುತ್ತಿದ್ದರು. ಒಂದು ದಿನ ನನಗೆ ಮಾತ್ರ ಕೇಳುವಂತೆ, "ನನಗೂ ಹಿಂಗೇ ಆಯ್ತಿತ್ತು ಅಕ್ಕ. ಎಷ್ಟು ಸಲ ಕಣ್ಣು ಕತ್ತಲೆ ಬಂತೋ. ಪ್ರತಿ ಸಲ ಲೋಟ ನೀರು ಹುಯ್ಕೊಂಡು ಎದ್ದು ಆಡ್ದೆ. ಜನ ಚಪ್ಪಾಳೆ ಹೊಡೆದ್ರು," ಎಂದರು.

ಅಷ್ಟರಲ್ಲಿ ಆಯ್ಕೆಗೆ ಕರೆ ಬಂತು. ಸೋತರೂ ಅವಳ ಆಟ ಅವರಿಗೆ ಮೆಚ್ಚಿಗೆಯಾಗಿತ್ತು. ಮಗ ಮೊಬೈಲಿನಲ್ಲಿ ಒಂದು ವಿಡಿಯೋ ಹಿಡಿದುಕೊಂಡು ಬಂದ. ಬೆಂಗಳೂರಿನಲ್ಲಿ ಗಾಜಿನ ಕೊಳವೆಯಂಥ ಒಂದು ಪೆಟ್ಟಿಗೆ. ಅದರೊಳಗೆ ಮಲಗಿಸಿ, ಬಾಗಿಲು ಬಿಗಿದು, ಒತ್ತಿ ಒತ್ತಿ ಆಕ್ಸಿಜನ್ ತುಂಬುತ್ತಾರೆ. ಪೆಟ್ಟಾದ ಮೆದುಳಿಗೆ ಅದು ಹೋಗಿ ಮುಟ್ಟುತ್ತದಂತೆ. ಹೊರದೇಶದ ಆಟಗಾರರೆಲ್ಲ ಮಲಗುತ್ತಾರಂತೆ. ಪೆಟ್ಟಿಗೆಗೆ ಹಾಕಿಸಿ ಆಯ್ಕೆಯ ದಿನಕ್ಕೆ ಸರಿಯಾಗಿ ಎಬ್ಬಿಸುವುದು ಅವನ ಲೆಕ್ಕ.

ನಾನು ತುಮಕೂರಿನ ಡಾಕ್ಟರನ್ನೇ ಕೇಳಿದೆ. ಸಣ್ಣ ವಯಸ್ಸಿನ ಹೆಂಗಸು. "ಕೆಲವರಿಗೆ ಒಳ್ಳೇದಾಯ್ತು ಅಂತಾರೆ ಅಜ್ಜಿ. ಅದರಿಂದಲೇ ಆಯ್ತು ಅಂತ ಹೇಳೋಕೆ ಇನ್ನೂ ಗಟ್ಟಿ ಆಧಾರ ಇಲ್ಲ. ಪೆಟ್ಟಿಗೆಗೆ ಹೋಗದೆ ಸುಮ್ಮನೆ ಮಲಗಿದವರಿಗೂ ಬಹಳ ಜನಕ್ಕೆ ವಾಸಿ ಆಗುತ್ತೆ. ಕಿವಿಗೆ ನೋವು ಬರಬಹುದು. ನಾನು ಹೋಗಿ ಅಂತ ಹೇಳಲ್ಲ. ಹೋದರೂ, ತಲೆನೋವು ಪೂರ್ತಿ ಹೋಗೋವರೆಗೂ ಆಟ ಬೇಡ. ಇದರ ಮೇಲೆ ಇನ್ನೊಂದು ಪೆಟ್ಟು ಬಿದ್ದರೆ ಕಷ್ಟ," ಎಂದಳು. ಗಟ್ಟಿಯಾಗಿ ಗೊತ್ತಿಲ್ಲ ಎಂದು ಒಪ್ಪಿಕೊಂಡ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೇ ನಂಬಿದೆ. ಮಗ ನಂಬಲಿಲ್ಲ.

ಮೇಷ್ಟ್ರು ಆಗ, "ಮಗೀನ ಕಳಿಸ್ಬೇಡಿ. ಮೊದ್ಲು ನಾನು ಹೋಗಿ ಮಲಗಿ ಬತ್ತೀನಿ," ಎಂದರು. ಮಗ ತಮಾಷೆ ಎಂದುಕೊಂಡ. ಅವರು ನಿಜವಾಗಿ ಹೋದರು. ಬೆಂಗಳೂರಿನಲ್ಲಿದ್ದ ತಂಗಿಯ ಮನೆಯಲ್ಲಿ ಉಳಿದು, ದಿನಾ ಹೋಗಿ ಮಲಗಿ ಬಂದರು. ಹುಡುಗಿಗೋಸ್ಕರ ಎಂದು ಊರಿಗೆ ಹೇಳಿದ್ದರು. ತಮ್ಮ ತಲೆಗೂ ಮದ್ದು ಹುಡುಕಿ ಹೋದರೇನೋ ಎಂದು ನನಗೆ ಗುಮಾನಿ ಇತ್ತು. ಬೆಳಿಗ್ಗೆ ಪುಡಿ ಒಯ್ದವರು ಮಧ್ಯಾಹ್ನ ಬಂದು, "ಈವತ್ತು ಪುಡಿ ಒಯ್ಯೋಕೆ ಬರ್ಲಿಲ್ಲ ಅಕ್ಕ," ಎಂದು ಮತ್ತೆ ಮಂಕರಿ ತುಂಬಿಕೊಂಡು ಹೋದದ್ದನ್ನು ನಾನು ನೋಡಿದ್ದೆ.

ವಾಪಸು ಬಂದ ದಿನ ನಮ್ಮ ಜಗಲಿಯ ಮೇಲೆ ಕೂತರು. ಮಗ ಕಾಯುತ್ತಿದ್ದ.

"ಹೆಂಗಿತ್ತು ಮೇಷ್ಟ್ರೇ?"

"ಒಳಗೆ ಮಲಗಿದ್ರೆ ಕಿವಿ ಅದುಮ್ದಂಗಾಯ್ತದೆ. ಬಸ್ಸು ಘಾಟಿ ಇಳಿದಂಗೆ. ಹೊರಗೆ ಬಂದ್ರೆ ತಲೆ ಹಗುರ. ಒಂದೆರಡು ದಿನ ಭಾಳ ಹಗುರ."

"ನೋಡು ಮತ್ತೆ," ಎಂದು ಮಗ ನನ್ನ ಕಡೆ ತಿರುಗಿದ.

"ಇರಪ್ಪ. ಹಗುರ ಆಗ್ಲಿ ಅಂತ ನನಗೆ ಆಸೆ ಇತ್ತು. ಗಾಳಿಗೆ ಹಗುರ ಆಯ್ತೋ ಆಸೆಗೆ ಹಗುರ ಆಯ್ತೋ ಗೊತ್ತಾಗ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ?" ಆಮೇಲೆ ಅಂದರು, "ಗಾಳಿ ಕೊಡಿಸೋದಾದ್ರೆ ಕೊಡ್ಸು. ನಾ ಬೇಡ ಅನ್ನಲ್ಲ. ಆಟದ ದಿನ ಕೈಲಿಟ್ಕೊಂಡು ಕೊಡಿಸ್ಬೇಡ. ಆಯ್ಕೆಗೆ ನನ್ನ ತಂಡದಿಂದ ಅವಳನ್ನ ಕಳ್ಸಲ್ಲ."

"ಬೇರೆ ತಂಡದಿಂದ ಕಳಿಸ್ತೀನಿ ಬುಡಿ. ತಿಪಟೂರಲ್ಲಿ ನೀವೊಬ್ರೇ ಅಲ್ಲ ಮೇಷ್ಟ್ರು."

ಅಲ್ಲಿಯವರೆಗೂ ನಾನು ಬಾಯಿ ಹಾಕಿರಲಿಲ್ಲ. "ಯಾಕ್ಲಾ, ಅಟ್ಟದ ಕಾಯಿಗೆ ಗಾಳಿ ಬೇಕು ಅಲ್ವಾ?" ಎಂದೆ.

"ಬೇಕು."

"ಗಾಳಿ ಚೆನ್ನಾಗಿ ಆಡ್ತು ಅಂತ ಅರ್ಧ ವರ್ಷಕ್ಕೆ ಇಳಿಸ್ತೀಯಾ?"

ಅವನು ಎದ್ದು ತೋಟಕ್ಕೆ ಹೋದ. ಒಪ್ಪಲಿಲ್ಲ. ಕೋಣೆಯ ಒಳಗಿನಿಂದ ಮೊಮ್ಮಗಳು, "ನನ್ನ ಕೇಳಿ ಯಾರಾದ್ರೂ. ನಾನು ಹೋಗ್ತೀನಿ. ತಲೆನೋವು ಇಲ್ಲ ನನಗೆ," ಎಂದಳು. ಕಣ್ಣಿಗೆ ನನ್ನ ಹಳೇ ಸೀರೆಯ ತುಂಡು ಕಟ್ಟಿಕೊಂಡು ಹೇಳುತ್ತಿದ್ದಳು. ಅಪ್ಪನಿಗಿಂತ ಅವಳದೇ ಹಟ ಹೆಚ್ಚು ಎಂದು ನನಗೆ ಆಗ ಗೊತ್ತಾಯಿತು.

ಹಟ ಬಿಡಿಸಿದ್ದು ನಾನಲ್ಲ, ಡಾಕ್ಟರಲ್ಲ. ಆಯ್ಕೆಗೆ ಇನ್ನು ಕೆಲವೇ ದಿನ ಇದ್ದಾಗ ಅವಳು ಕೊಡೆ ಹಿಡಿದುಕೊಂಡು ಕಣದ ಹತ್ತಿರ ಹೋದಳು. ಬೀಳುತ್ತಾಳೇನೋ ಎಂದು ನಾನು ಹಿಂದೆ ಹೋದೆ. ಮೇಷ್ಟ್ರು ಚಿಕ್ಕ ಹುಡುಗಿಯರನ್ನು ಆಡಿಸುತ್ತಿದ್ದರು. ಹಿಡಿಯುವುದು ಹೇಗೆಂದು ತೋರಿಸಲು ನಡುಗೆರೆಗೆ ಬಂದರು, ದಾಟಿದರು, ತಿರುಗಿ ಎದುರಿನ ಸಾಲಿನಲ್ಲಿ ನಿಂತುಬಿಟ್ಟರು. ತಮ್ಮ ಕಡೆಯ ಮಕ್ಕಳನ್ನೇ ನೋಡುತ್ತಾ, "ಬನ್ನಿ, ಬನ್ನಿ ಈ ಕಡೆ. ಅಲ್ಯಾಕೆ ನಿಂತಿದೀರ?" ಎಂದು ಕರೆದರು. ಮಕ್ಕಳು ಆಟ ಎಂದುಕೊಂಡು ನಕ್ಕವು. ಅವರೂ ನಕ್ಕರು. ಮೊಮ್ಮಗಳು ತಿಪಟೂರಿನಲ್ಲಿ ನಕ್ಕಿದ್ದಳಲ್ಲ, ಅದೇ ನಗೆ.

ಅವಳು ಕೊಡೆ ಕೆಳಗಿಟ್ಟು ಅಂಕಣಕ್ಕೆ ಇಳಿದಳು. ಅವರ ಕೈ ಹಿಡಿದು, "ಸಾರ್, ನಮ್ಮನೆ ಈ ಕಡೆ," ಎಂದು ಗೆರೆ ದಾಟಿಸಿ ಕರೆತಂದಳು. ಅವರು ಅವಳ ಮುಖವನ್ನು ತುಂಬ ಹೊತ್ತು ನೋಡಿದರು. "ಗೊತ್ತಾಯ್ತಾ ಮಗಾ?" ಎಂದರು. ಅವಳು ತಲೆಯಾಡಿಸಿದಳು. ಆ ದಿನ ಸಂಜೆ ಅಪ್ಪನಿಗೆ, ಆಯ್ಕೆಗೆ ನಾನು ಹೋಗಲ್ಲ ಎಂದಳು. ಅವನು ಊಟ ಬಿಟ್ಟ. ಮಾರನೆಯ ದಿನ ಹಸಿವಾಗಿ ತಿಂದ.

ಆಯ್ಕೆ ಮುಗಿದುಹೋಯಿತು. ಬೇರೆ ಹುಡುಗಿ ಹೋದಳು. ಆಮೇಲೆ ಡಾಕ್ಟರಿಗೆ ತಿಳಿಸಿ ಮಗ ಅವಳನ್ನು ಗಾಳಿ ಪೆಟ್ಟಿಗೆಗೂ ಒಂದಷ್ಟು ದಿನ ಕರೆದುಕೊಂಡು ಹೋದ. ಮೇಷ್ಟ್ರು ಬೇಡ ಎನ್ನಲಿಲ್ಲ. ಅಟ್ಟದ ಕಾಯಿ ಇಳಿಸುವ ಹೊತ್ತಿಗೆ ಅವಳು ಬಿಸಿಲಲ್ಲಿ ಕೂತು ಪುಸ್ತಕ ಓದುತ್ತಿದ್ದಳು. ಗಾಳಿಯಿಂದ ಆಯಿತು ಎಂದು ಮಗ ಹೇಳುತ್ತಾನೆ. ಕತ್ತಲೆ ಕೋಣೆಯಿಂದ ಆಯಿತು ಎಂದು ಸೊಸೆ. ನನಗೆ ಗೊತ್ತಿಲ್ಲ. ಇಂಥದರಿಂದಲೇ ಎಂದು ಆಣೆ ಇಟ್ಟು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಎರಡನೇ ಪೆಟ್ಟು ಬೀಳಲಿಲ್ಲ, ಅಷ್ಟು ಗೊತ್ತು. ಅದು ಬೀಳದಂತೆ ಅಡ್ಡ ನಿಂತವರು ಯಾರು ಎಂದೂ ಗೊತ್ತು.

ಡಾಕ್ಟರು ಆಡಬಹುದು ಎಂದಮೇಲೆ ಅವಳು ಮೊದಲ ದಿನ ಅಂಕಣಕ್ಕೆ ಹೋದಾಗ ಕಾಯಿ ನಾನೇ ಒಯ್ದು ಕೊಟ್ಟೆ. ಮೇಷ್ಟ್ರು ಅದನ್ನು ಎತ್ತಿ ಹಿಡಿದು ಬೀಳಿಸಿದರು. ಕಾಯಿ ಪುಡಿಯಲ್ಲಿ ಹೂತು, ಒಂದಿಷ್ಟು ಉರುಳಿ ನಿಂತಿತು. ಅವರು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಬಲಗಿವಿ ಕೊಡುವುದನ್ನೂ ಮರೆತು, ನೇರ ನನ್ನ ಮುಖ ನೋಡಿ ಕೇಳಿದರು.

"ಇದನ್ಯಾಕೆ ಬೀಳಿಸ್ದೆ ಅಕ್ಕ ನಾನು?"

ಮೊಮ್ಮಗಳು ಕಾಯಿ ಎತ್ತಿಕೊಂಡು ಅವರ ಕೈಗೆ ಕೊಟ್ಟಳು. "ಒಡೀಲಿಲ್ಲ ಸಾರ್. ಆಡಬಹುದು." ಅವರು ಸೀಟಿ ಊದಿದರು. ಸೀಟಿ ಊದುವುದು ಮಾತ್ರ ಕೊನೆಯವರೆಗೂ ಮರೆಯಲಿಲ್ಲ.

ಅದಾದ ಮೇಲೆ ಅವರು ಬಹಳ ಕಾಲ ಉಳಿಯಲಿಲ್ಲ. ದಿನಾ ದಾಟುತ್ತಿದ್ದ ಬಚ್ಚಲ ಮೆಟ್ಟಿಲು ಅದು. ಜಾರಲಿಲ್ಲ. ಅಲ್ಲಿ ಮೆಟ್ಟಿಲಿದೆ ಎಂಬುದೇ ಅವರ ತಲೆಯಲ್ಲಿ ಉಳಿದಿರಲಿಲ್ಲ. ಅವರ ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ನನ್ನ ಮಗ ಗುಂಡಿಯ ಹತ್ತಿರ ಎಲ್ಲರಿಗಿಂತ ಹಿಂದೆ ನಿಂತಿದ್ದ. ಎಲ್ಲರೂ ಹೋದ ಮೇಲೆ ಒಬ್ಬನೇ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದ. ಮನೆಗೆ ಬರುವಾಗ ಮೊಮ್ಮಗಳು, "ನಾಳೆ ಚಿಕ್ಕೋರು ಆಡೋಕೆ ಬರ್ತಾರೆ. ಬರಬೇಡಿ ಅಂತ ಹೇಳೋರು ಯಾರೂ ಇಲ್ಲ ಅಜ್ಜಿ," ಎಂದಳು. ನಾನು ಅಳುವವಳಲ್ಲ. ಅವಳೂ ಅಳಲಿಲ್ಲ.

ಮಾರನೆಯ ಬೆಳಿಗ್ಗೆ ಕೊಟ್ಟಿಗೆ ಹಾಗೇ ಬಿಟ್ಟು, ಗುಡ್ಡೆಯಿಂದ ಒಂದು ಮಂಕರಿ ಪುಡಿ ತುಂಬಿಕೊಂಡು ಕಣಕ್ಕೆ ಹೋದೆ. ಮಕ್ಕಳು ಬಂದು ನಿಂತಿದ್ದವು. ಮೊಮ್ಮಗಳು ಪುಡಿ ಹರಡಿ ನೀರು ಚಿಮುಕಿಸಿದಳು. ಎಲ್ಲರಿಗಿಂತ ಗಿಡ್ಡ ಇದ್ದವಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವಳ ತಲೆಯ ಎತ್ತರಕ್ಕೆ ಕಾಯಿ ಹಿಡಿದು ಕೈ ಬಿಟ್ಟೆ.

ಒಡೆಯಿತು.

ಇನ್ನೊಂದು ಮಂಕರಿ ಪುಡಿ ತರಲು ಗುಡ್ಡೆಗೆ ಹೋದೆ.